ಗ್ರಂಥಾಲಯದ ಪಟ್ಟಿಯಲ್ಲಿ ಮಕ್ಕಳ ಹೆಸರು

ಕಳವಾರ ಅಂದರೆ ಬೆಂಗಳೂರಿನ ಗೆಳೆಯರಿಗೆ ನೆನಪಾಗುವುದು ಸ್ಕಂದಗಿರಿ ಚಾರಣ. ನನಗೆ ಮಾತ್ರ ಆ ಕಡೆ ಹೋದಾಗಲೆಲ್ಲ ಗ್ರಂಥಾಲಯದ ಯೋಚನೆ! ಕಾರಣ, ಅದೇ ತಾಲ್ಲೂಕಿನ ಮುದ್ದೇನಹಳ್ಳಿ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗಲೇ (1912-18) ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾಗಿದ್ದು. ಅವರ ಅಣೆಕಟ್ಟು ನೆನಪಿಟ್ಟುಕೊಂಡ ನಾವು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಆದರೆ ಅದು ಪಟ್ಟಣದ ಮಾತಾಯಿತು. ಇಡೀ ರಾಜ್ಯಕ್ಕೆ ಗ್ರಂಥಾಲಯ ವ್ಯವಸ್ಥೆ ತಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಅದರ ಹಿಂದೆ ಎಸ್. ಆರ್. ರಂಗನಾಥನ್ ಅವರ ಚಿಂತನೆ ಇತ್ತು. ಕಟ್ಟಡ, ಭೂಮಿಯ ತೆರಿಗೆಯ ಮೇಲೆ ಗ್ರಂಥಾಲಯ ಕರ ಬಂತು. ಆಮೇಲೆ ಹಳ್ಳಿಗಳಲ್ಲೂ ಗ್ರಂಥಾಲಯಗಳಾದವು. ಆದರೂ ನಾನು ನೋಡಿದ ಹೆಚ್ಚಿನವು ಬೆಳಿಗ್ಗೆ ಗಂಡಸರು ಪೇಪರ್ ಓದಿ ಎದ್ದು ಹೋಗುವ ಒಂದು ಕೋಣೆ, ಅಷ್ಟೇ. ಮಕ್ಕಳು ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು.

2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೋನಾ, ಶಾಲೆಗಳಿಗೆ ಬೀಗ. ಆ ನವೆಂಬರಿನಲ್ಲಿ, ಮಕ್ಕಳ ದಿನಾಚರಣೆಯ ಹೊತ್ತಿಗೆ ಶುರುವಾಗಿದ್ದೇ 'ಓದುವ ಬೆಳಕು': 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ, ಜೊತೆಗೆ ಗಟ್ಟಿಯಾಗಿ ಓದುವುದು, ಕಥೆ ಹೇಳುವುದು, ಚಿತ್ರ ಬಿಡಿಸುವುದು. ಈಗ ಇವುಗಳ ಹೆಸರು 'ಅರಿವು ಕೇಂದ್ರ'.

ಪುಸ್ತಕದ ಮನೆಯಲ್ಲಿ ಬಣ್ಣ, ಕಾಗದ, ಗದ್ದಲ ಯಾಕೆ ಅಂತ ಕೇಳುವವರಿದ್ದಾರೆ. ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕವೇ ಇಲ್ಲದ ಮಗು ಮೊದಲ ದಿನವೇ ಕಪಾಟಿಗೆ ಕೈ ಹಾಕುವುದಿಲ್ಲ ಸ್ವಾಮಿ. ಚಿತ್ರ ಬಿಡಿಸಲು ಬರುತ್ತದೆ, ಕಥೆ ಕೇಳಲು ಕೂರುತ್ತದೆ, ಆಮೇಲೆ ತಾನೇ ಪುಸ್ತಕ ಕೇಳುತ್ತದೆ. ಅದಕ್ಕೇ ನನ್ನ ಲೆಕ್ಕದಲ್ಲಿ ಎಷ್ಟು ಮಕ್ಕಳು ಸದಸ್ಯರಾದರು ಅನ್ನುವುದಕ್ಕಿಂತ, ಎಷ್ಟು ಪುಸ್ತಕ ಮನೆಗೆ ಹೋಗಿ ಕಿವಿ ಮಡಚಿಕೊಂಡು ವಾಪಸ್ ಬಂದವು ಅನ್ನುವುದೇ ಮುಖ್ಯ.

ನಿಮ್ಮೂರಿನ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ. ಹೋಗುವಾಗ ಒಂದು ಮಕ್ಕಳ ಪುಸ್ತಕ ಕೈಯಲ್ಲಿರಲಿ.