ಧ್ವನಿಗ್ರಹಣ ಸಾಧನದ ಆಯ್ಕೆ: ಒಂದು ಚಾರಿತ್ರಿಕ ವಿವೇಚನೆ

ಸಂಗೀತವನ್ನು ಗಣಕಯಂತ್ರದಲ್ಲಿ ಮುದ್ರಿಸಿಕೊಳ್ಳಬೇಕಾದರೆ, ಮೈಕ್ರೊಫೋನಿನಿಂದ ಬರುವ ವಿದ್ಯುತ್ ಸಂಕೇತವನ್ನು ಅಂಕಿಗಳನ್ನಾಗಿ ಮಾರ್ಪಡಿಸಿ, ಆ ಅಂಕಿಗಳನ್ನು ಮರಳಿ ನಾದವಾಗಿಸಿ ಕಿವಿಗೊಪ್ಪಿಸುವ ಮಧ್ಯವರ್ತಿ ಸಾಧನವೊಂದು ಅವಶ್ಯಕ. ಆಡಿಯೋ ಇಂಟರ್‌ಫೇಸ್ ಎಂದು ಅದರ ಹೆಸರು. ಉತ್ತಮ ದರ್ಜೆಯ ಸಾಧನಗಳು ಬಹು ಬೆಲೆಯುಳ್ಳವು. ಕೊಳ್ಳುವವರು ಸಾಮಾನ್ಯವಾಗಿ 24 ಬಿಟ್, 192 ಕಿಲೋಹರ್ಟ್ಸ್ ಮೊದಲಾದ ಸಂಖ್ಯೆಗಳನ್ನು ಹೋಲಿಸಿ ನಿರ್ಣಯಿಸುವರು. ಇದು ಇಂಜಿನಿಯರರ ವಿಷಯ, ಚರಿತ್ರಕಾರನಿಗೆ ಇದರ ಗೊಡವೆಯೇಕೆಂದು ಕೇಳಬಹುದು. ಜನಪದ ಗಾಯಕನ ಕಂಠವನ್ನಾಗಲಿ ವೃದ್ಧರ ನೆನಪುಗಳನ್ನಾಗಲಿ ನಾವು ಇಂದು ಸಂಗ್ರಹಿಸುವುದು ಇಂಥ ಸಾಧನಗಳ ಮೂಲಕವೇ. ಇವು ಕೈಬಿಟ್ಟುದು ಮುಂದಿನವರಿಗೆ ಆಧಾರವಾಗಿ ಉಳಿಯಲಾರದು. ಆದುದರಿಂದ ಆ ಸಂಖ್ಯೆಗಳ ಪೂರ್ವೋತ್ತರವನ್ನು ಪರಿಶೀಲಿಸುವುದು ಅಪ್ರಸ್ತುತವಾಗದು.

ಧ್ವನಿಯನ್ನು ಅಂಕಿಗಳಾಗಿ ಸಾಗಿಸುವ ಕಲ್ಪನೆ ಸಂಗೀತಕ್ಕಾಗಿ ಹುಟ್ಟಿದುದಲ್ಲ. 1937ರಲ್ಲಿ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಇಂಜಿನಿಯರನು ದೂರವಾಣಿಯ ಸಂಕೇತಗಳಲ್ಲಿ ಗದ್ದಲ ಸೇರದಂತೆ ತಡೆಯಲು ಈ ಮಾರ್ಗವನ್ನು ಕಂಡನು. ಎಷ್ಟು ಬಾರಿ ಅಳೆದರೆ ಮೂಲಧ್ವನಿ ನಷ್ಟವಾಗದೆಂಬ ಪ್ರಶ್ನೆಗೆ ನೈಕ್ವಿಸ್ಟ್ 1928ರಲ್ಲಿ ಅಡಿಪಾಯ ಹಾಕಿದ್ದನು. ಶಾನನ್ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದು ಸ್ಪಷ್ಟ ರೂಪ ಪಡೆಯಿತು. ಹಿಡಿಯಬೇಕಾದ ಅತ್ಯುನ್ನತ ಸ್ವರದ ಕಂಪನಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಸಾಕು. ಮನುಷ್ಯನ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್. ಆದುದರಿಂದ 40ಕ್ಕಿಂತ ತುಸು ಮೇಲಿನ ಸಂಖ್ಯೆ ಸಾಕಾಗುತ್ತದೆ.

ಆದರೆ 44.1 ಎಂಬ ವಿಚಿತ್ರ ಸಂಖ್ಯೆಯೇ ಏಕೆ? ಅಂಕಿರೂಪದ ಧ್ವನಿಯನ್ನು ಶೇಖರಿಸಲು ಆಗ ದೊರೆತ ಯಂತ್ರವು ದೂರದರ್ಶನದ ಚಿತ್ರವನ್ನು ಮುದ್ರಿಸುವ ವಿಡಿಯೊ ಯಂತ್ರವಾಗಿದ್ದಿತು. ಒಂದು ಗೆರೆಗೆ ಮೂರು ಅಳತೆಗಳಂತೆ, 245 ಗೆರೆಗಳನ್ನು ಸೆಕೆಂಡಿಗೆ 60 ಬಾರಿ ಬರೆದರೆ 44,100 ಆಗುತ್ತದೆ. ಯೂರೋಪಿನ ಪದ್ಧತಿಯಲ್ಲಿ 294 ಗೆರೆಗಳನ್ನು 50 ಬಾರಿ ಬರೆದರೂ ಅದೇ ಮೊತ್ತ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕು ಈ ಸಂಖ್ಯೆಯನ್ನೇ ಸ್ವೀಕರಿಸಿತು. ಸಂಗೀತದ ಅಳತೆಗೋಲೊಂದು ಹೀಗೆ ದೂರದರ್ಶನದ ಗೆರೆಗಳಿಂದ ನಿಷ್ಕರ್ಷೆಯಾಯಿತು.

ಸಂಖ್ಯೆ ಸರಿಯಾಗಿದ್ದರೂ ಆರಂಭದ ಅಂಕೀಯ ಧ್ವನಿಮುದ್ರಣಗಳು ಕರ್ಕಶವೆಂಬ ದೂರು ಕೇಳಿಬಂದಿತು. ಅಳತೆಗೆ ಮುನ್ನ ಮೇಲಿನ ಕಂಪನಗಳನ್ನು ತಡೆಯುವ ಸೋಸುಕಗಳ ಮೇಲೆ ಆಪಾದನೆ ಬಿದ್ದಿತು. 1985ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ಅಪೋಜಿ ಸಂಸ್ಥೆ ಮೊತ್ತಮೊದಲು ಹೆಸರು ಗಳಿಸಿದುದು, ಇತರರ ಯಂತ್ರಗಳಲ್ಲಿ ಅಳವಡಿಸಬಹುದಾದ ಉತ್ತಮ ಸೋಸುಕಗಳಿಂದಲೇ. ಯಂತ್ರದ ಮೇಲಿನ ಅಂಕಿ ಬದಲಾಗಲಿಲ್ಲ, ಧ್ವನಿ ಬದಲಾಯಿತು. ಇಲ್ಲಿ ನಮಗೊಂದು ಪಾಠವಿದೆ.

ಈಗಿನ ಸಾಧನಗಳಿಗೂ ಅದು ಅನ್ವಯಿಸುತ್ತದೆ. ಗಣಿತದಂತೆ 24 ಬಿಟ್ಟಿನ ವ್ಯಾಪ್ತಿ ಸುಮಾರು 146 ಡೆಸಿಬೆಲ್. ವಿದ್ಯುತ್ ಮಂಡಲಗಳ ಸಹಜ ಗದ್ದಲದಿಂದಾಗಿ ಯಾವ ಸಾಧನವೂ ಅದನ್ನು ಪೂರ್ಣವಾಗಿ ಒದಗಿಸಲಾರದು. ಮೈಕ್ರೊಫೋನಿನ ಸಂಕೇತವನ್ನು ಹಿಗ್ಗಿಸುವ ಪ್ರಿಆಂಪ್ಲಿಫೈಯರಿಗೂ ಪ್ರಕೃತಿಯೇ ಎಲ್ಲೆ ಹಾಕಿದೆ. ಸಾಮಾನ್ಯ ಉಷ್ಣತೆಯಲ್ಲಿ 150 ಓಮ್ ಮೂಲದ ಗದ್ದಲವು ಸುಮಾರು -131 ಡಿಬಿಯು. ಉತ್ತಮ ಸಾಧನಗಳು ಅದರ ಸಮೀಪಕ್ಕೆ ಬರುತ್ತವೆ. ಮೆಲುದನಿಯ ಗಾಯನವನ್ನು ಹಿಡಿಯುವವರು ವಿಚಾರಿಸಬೇಕಾದುದು ಇದನ್ನು, 192 ಎಂಬುದನ್ನಲ್ಲ. ಧ್ವನಿಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವೂ ಹಳೆಯ ಮುದ್ರಿಕೆಗಳನ್ನು ಅಂಕಿಗೆ ತರಲು ಕನಿಷ್ಠ ಮಿತಿಯಾಗಿ ಸೂಚಿಸಿರುವುದು 48 ಕಿಲೋಹರ್ಟ್ಸ್, 24 ಬಿಟ್ ಮಾತ್ರ.

ಕಛೇರಿಯಲ್ಲಿ ಬಳಸುವವರಿಗೆ ಇನ್ನೊಂದು ತೊಡಕುಂಟು. ಗಣಕವು ಅಂಕಿಗಳನ್ನು ಗುಂಪುಗುಂಪಾಗಿ ಸ್ವೀಕರಿಸುತ್ತದೆ. 48 ಕಿಲೋಹರ್ಟ್ಸಿನಲ್ಲಿ 256 ಅಳತೆಗಳ ಗುಂಪಿಗೆ 5.3 ಮಿಲಿಸೆಕೆಂಡು ತಗಲುತ್ತದೆ. ಒಳಹೊಕ್ಕು ಹೊರಬರುವಾಗ ಅದರ ಇಮ್ಮಡಿ. ವಾದಕನು ತನ್ನ ವಾದ್ಯವನ್ನು ಮೂರೂವರೆ ಮೀಟರಿಗಿಂತ ದೂರದಿಂದ ಕೇಳಿದಂತಾಗುತ್ತದೆ. 1997ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆ ಹೊರತಂದ ಆಸಿಯೊ ಎಂಬ ಒಪ್ಪಂದವು ಗಣಕದೊಳಗಿನ ವಿಳಂಬವನ್ನು ತಗ್ಗಿಸಿತು. ಅದರ ಫಲ ದಕ್ಕುವುದು ಸಾಧನದ ಡ್ರೈವರ್ ಎಷ್ಟು ಜಾಣ್ಮೆಯಿಂದ ಬರೆಯಲ್ಪಟ್ಟಿದೆ ಎಂಬುದನ್ನು ಅವಲಂಬಿಸಿದೆ.

ಕಡೆಯದಾಗಿ ಆಯುಷ್ಯದ ಮಾತು. ಈ ಶತಮಾನದ ಮೊದಲ ದಶಕದಲ್ಲಿ ಉತ್ತಮ ಸಾಧನಗಳು ಅನೇಕವು ಫೈರ್‌ವೈರ್ ತಂತುವನ್ನು ನೆಚ್ಚಿದ್ದುವು. 2011ರಲ್ಲಿ ಥಂಡರ್‌ಬೋಲ್ಟ್ ಬಂದಿತು. 2025ರ ಮ್ಯಾಕ್ ವ್ಯವಸ್ಥೆ ಫೈರ್‌ವೈರಿಗೆ ಆಶ್ರಯ ನೀಡುವುದನ್ನೇ ನಿಲ್ಲಿಸಿತು. ಸಾಧನದೊಳಗಿನ ಮಂಡಲಗಳು ಕೆಡಲಿಲ್ಲ. ಅವುಗಳ ಮಾತನ್ನು ಅರಿಯುವವರು ಇಲ್ಲವಾದರು. ಓದಬಲ್ಲವರಿಲ್ಲದ ಲಿಪಿಯ ಶಾಸನಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು. ಅಳತೆಯ ಸಂಖ್ಯೆ ಬಹುಕಾಲದ ಹಿಂದೆಯೇ ಇತ್ಯರ್ಥವಾದ ಪ್ರಶ್ನೆ. ಬೆಲೆ ತೆರಬೇಕಾದುದು ಗದ್ದಲವಿಲ್ಲದ ಪ್ರಿಆಂಪ್ಲಿಫೈಯರಿಗೆ, ವಿಳಂಬವಿಲ್ಲದ ಡ್ರೈವರಿಗೆ, ತಯಾರಕರು ಹತ್ತಾರು ವರ್ಷ ಕೈಬಿಡದ ಸಂಪರ್ಕಕ್ಕೆ. ಮುದ್ರಿಕೆಯನ್ನಾದರೋ ಯಾವ ಒಂದು ಯಂತ್ರಕ್ಕೂ ಕಟ್ಟುಬೀಳದ ಸಾಮಾನ್ಯ ರೂಪದಲ್ಲಿ ಉಳಿಸಿ, ಬಳಸಿದ ಸಾಧನದ ವಿವರವನ್ನು ಜೊತೆಗೆ ಬರೆದಿಡುವುದು ಒಳ್ಳೆಯದು. ಯಂತ್ರ ಹಳೆಯದಾಗುವುದು ಸಹಜ. ಅದರೊಡನೆ ಕಂಠವೂ ಕಾಣೆಯಾದರೆ ಅದು ನಮ್ಮ ತಪ್ಪೇ ಆಗುತ್ತದೆ.