ಬಿಚ್ಚಿ ಕಟ್ಟಲು ಒಗ್ಗಿದ ಎಂಜಿನ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿರುವುದಕ್ಕೆ ಹಳೆಯದರ ಮೇಲಿನ ಮೋಹವೇ ಕಾರಣ ಎನ್ನುವವರಿದ್ದಾರೆ. ಬರೀ ಮೋಹಕ್ಕೆ ಪಿಸ್ಟನ್ ಅಲುಗುವುದಿಲ್ಲ. ಆ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಹೆಡ್ಡು, ಸಿಲಿಂಡರ್ ಕಳಚಿದರೆ ಪಿಸ್ಟನ್ ಕೈಗೆ ಸಿಗುತ್ತದೆ. ಸವೆದ ಬೋರನ್ನು ತುಸು ಅಗಲಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸಿದರೆ ಮತ್ತೆ ಕಂಪ್ರೆಷನ್ ಬರುತ್ತದೆ. ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯಂಥ ಗುಡ್ಡಸೀಮೆಗೆ ಹೇಳಿಮಾಡಿಸಿದ ಗುಣವಿದು. ಏರುಹಾದಿ ಎಂಜಿನ್ನನ್ನು ಬೇಗ ಸವೆಸುತ್ತದೆ, ಕಾರ್ಖಾನೆಯೋ ಮುಚ್ಚಿದೆ.

ಕ್ರ್ಯಾಂಕ್ ಮಾತ್ರ ಸುಲಭವಲ್ಲ ಎಂಬ ಆಕ್ಷೇಪ ಸರಿಯೇ. ಅದು ಪ್ರೆಸ್‌ನಲ್ಲಿ ಒತ್ತಿ ಕೂಡಿಸಿದ್ದು. ಕನೆಕ್ಟಿಂಗ್ ರಾಡ್ ಬದಲಿಸಬೇಕಾದರೆ ಅದನ್ನು ಬಿಡಿಸಬೇಕು. ಮತ್ತೆ ಕೂಡಿಸುವಾಗ ಎರಡೂ ಬದಿ ಒಂದೇ ನೇರಕ್ಕೆ ಬರಬೇಕು, ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಹಾಳು. ಆದರೆ ಒಳ್ಳೆಯ ಲೇತ್ ಶಾಪಿಗೆ ಇದು ನಿಲುಕದ ಕೆಲಸವೇನಲ್ಲ. ಇನ್ನು, ಈ 250 ಸಿಸಿ ಎಂಜಿನ್ ರೇಸಿನ ದೊಡ್ಡ ಎಂಜಿನ್ನುಗಳಿಗೆ ಸಮವೇ? ಶಕ್ತಿಯಲ್ಲಿ ಖಂಡಿತ ಅಲ್ಲ. ಆದರೂ ಚೆನ್ನೈ ಬಳಿಯ ಶೋಲಾವರಂ ರೇಸಿಗೆ ಯೆಜ್ಡಿಗಳು ಇಳಿದಿದ್ದವು. ಟೂ-ಸ್ಟ್ರೋಕಿನ ಚುರುಕು ಹೆಚ್ಚಿಸುವ ಮೊದಲ ವಿದ್ಯೆ, ಸಿಲಿಂಡರಿನ ಪೋರ್ಟನ್ನು ಅರದಿಂದ ತಿದ್ದುವುದು. 2022ರ ಜನವರಿಯಲ್ಲಿ ಮರಳಿ ಬಂದ ಯೆಜ್ಡಿಯದು 334 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್. ಅದರಲ್ಲಿ ವಾಲ್ವೂ ಇದೆ, ಕ್ಯಾಮೂ ಇದೆ.