ಆಪ್ತಸಮಾಲೋಚಕರಾಗಲು ಸ್ನಾತಕೋತ್ತರ ತರಬೇತಿ: ತಿಳಿದಿರಬೇಕಾದ ಸಂಗತಿಗಳು

ಮಗ ಊಟ ಬಿಟ್ಟು ಕೋಣೆ ಸೇರಿದಾಗ, ದಂಪತಿಗಳ ನಡುವೆ ಮಾತು ನಿಂತಾಗ, ಕುಡಿತ ಮಿತಿ ಮೀರಿದಾಗ ನಮ್ಮ ಜನರು ಮೊದಲು ಹೋಗುವುದು ಧರ್ಮಗುರುಗಳ, ಧರ್ಮಭಗಿನಿಯರ ಅಥವಾ ವಾಳೆಯ ಗುರಿಕಾರರ ಬಳಿಗೆ. ನಾವು ಕಿವಿಗೊಟ್ಟು ಕೇಳುತ್ತೇವೆ, ಬುದ್ಧಿ ಹೇಳುತ್ತೇವೆ, ಪ್ರಾರ್ಥಿಸುತ್ತೇವೆ. ಇದೆಲ್ಲ ಬೇಕಾದದ್ದೇ. ಆದರೆ ಬುದ್ಧಿ ಹೇಳುವುದು ಬೇರೆ, ಆಪ್ತಸಮಾಲೋಚನೆ ಬೇರೆ. ಅದು ಕಲಿತು ಮಾಡಬೇಕಾದ ವೃತ್ತಿ. ಈ ವೃತ್ತಿಗೆ ಬರಬಯಸುವ ಯುವಜನರಿಗೂ ಅವರನ್ನು ನೇಮಿಸಿಕೊಳ್ಳುವ ಶಾಲೆ, ಆಸ್ಪತ್ರೆ, ಧರ್ಮಕೇಂದ್ರಗಳಿಗೂ ಉಪಯೋಗವಾಗಲೆಂದು ಈ ಮಾಹಿತಿ ನೀಡುತ್ತಿದ್ದೇವೆ.

ಯಾರ ಕೆಲಸ ಏನು?

ಮನೋವೈದ್ಯರು ವೈದ್ಯಕೀಯ ಪದವಿಯ ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದವರು. ಔಷಧಿ ಬರೆದುಕೊಡುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾನಸಿಕ ಪರೀಕ್ಷೆ ಮತ್ತು ಮನಶ್ಚಿಕಿತ್ಸೆ ನಡೆಸುತ್ತಾರೆ. 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಆಗಿರಬೇಕು. ಆಪ್ತಸಮಾಲೋಚಕರು ಔಷಧಿ ಕೊಡುವುದಿಲ್ಲ. ದುಃಖ, ಭಯ, ಕುಟುಂಬ ಕಲಹ, ಓದಿನ ಒತ್ತಡಗಳಿಂದ ಬಳಲುವವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಲು ನೆರವಾಗುತ್ತಾರೆ.

ಕಲಿಕೆಯ ದಾರಿ

ಪದವಿಯ ಬಳಿಕ ಮನಃಶಾಸ್ತ್ರ ಅಥವಾ ಕೌನ್ಸೆಲಿಂಗ್‌ನಲ್ಲಿ ಎರಡು ವರ್ಷಗಳ ಎಂ.ಎ. ಇಲ್ಲವೇ ಎಂ.ಎಸ್ಸಿ. ಮಾಡುವುದು ಸಾಮಾನ್ಯ ಕ್ರಮ. ಹಲವು ಕಾಲೇಜುಗಳು ಪದವಿಯಲ್ಲಿ ಮನಃಶಾಸ್ತ್ರ ಓದಿರಬೇಕೆಂದು ಕೇಳುತ್ತವೆ. ಇನ್ನೊಂದು ದಾರಿ ಎಂ.ಎಸ್.ಡಬ್ಲ್ಯು.; ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯ ಸಮಾಜಕಾರ್ಯ ಶಿಕ್ಷಣಕ್ಕೆ ಹೆಸರಾದ ಸಂಸ್ಥೆ.

ದೂರಶಿಕ್ಷಣದ ಬಗ್ಗೆ ಎಚ್ಚರವಿರಲಿ. 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಃಶಾಸ್ತ್ರವನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗವು ಅನುಮತಿ ನಿಲ್ಲಿಸಿದೆ.

ತರಬೇತಿಯ ತಿರುಳು

ಪುಸ್ತಕ ಓದಿ ಈಜು ಕಲಿಯಲಾಗದು, ಇದೂ ಹಾಗೆಯೇ. ವಿದ್ಯಾರ್ಥಿಯು ಶಾಲೆ, ಆಸ್ಪತ್ರೆಗಳಲ್ಲಿ ನಿಜವಾದ ಜನರೊಡನೆ ಕುಳಿತು ಮಾತನಾಡಬೇಕು. ಆಮೇಲೆ ಅನುಭವಿ ಮಾರ್ಗದರ್ಶಕರ ಮುಂದೆ ತಾನು ಕೇಳಿದ್ದೇನು, ಹೇಳಿದ್ದೇನು, ಎಲ್ಲಿ ಎಡವಿದೆ ಎಂದು ಒಪ್ಪಿಸಿ ತಿದ್ದಿಕೊಳ್ಳಬೇಕು. ಅಮೆರಿಕದಲ್ಲಿ ಓದಬಯಸುವವರು ಗಮನಿಸಿ: ಅಲ್ಲಿನ ಕೌನ್ಸೆಲಿಂಗ್ ಶಿಕ್ಷಣದ ಮಾನ್ಯತಾ ಸಂಸ್ಥೆ ಸಿ.ಎ.ಸಿ.ಆರ್.ಇ.ಪಿ. 100 ಗಂಟೆಗಳ ಪ್ರಾಯೋಗಿಕ ಅಭ್ಯಾಸವನ್ನೂ 600 ಗಂಟೆಗಳ ಇಂಟರ್ನ್‌ಶಿಪ್ಪನ್ನೂ ವಿಧಿಸುತ್ತದೆ. ಪದವಿಯ ಬಳಿಕವೂ ರಾಜ್ಯದ ಪರವಾನಗಿ ಪಡೆಯಲು ಮೇಲ್ವಿಚಾರಣೆಯಲ್ಲಿ ದುಡಿಯಬೇಕು.

ಇದರ ಅಗತ್ಯವೇನು? ಬದುಕು ಸಾಕೆನ್ನುವವರಿಗೆ ನಾವು “ಹಾಗೆಲ್ಲ ಮಾತಾಡಬೇಡ” ಎಂದು ಬಾಯಿ ಮುಚ್ಚಿಸುತ್ತೇವೆ. ತರಬೇತಿ ಪಡೆದವರು “ಸಾಯುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿ ಕೇಳುತ್ತಾರೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಬರುತ್ತದೆ, ಸಕಾಲದಲ್ಲಿ ವೈದ್ಯರಲ್ಲಿಗೆ ಕಳುಹಿಸಲು ಸಾಧ್ಯವಾಗುತ್ತದೆ.

ಗುಟ್ಟು ಮತ್ತು ಕಾನೂನು

ಪಾಪನಿವೇದನೆಯ ಗುಟ್ಟಿಗೆ ಧರ್ಮಸಭೆಯ ನಿಯಮದಲ್ಲಿ ವಿನಾಯಿತಿಯೇ ಇಲ್ಲ. ಆಪ್ತಸಮಾಲೋಚಕರೂ ಗುಟ್ಟು ಕಾಪಾಡಬೇಕು, ಆದರೆ ಅದಕ್ಕೆ ಮಿತಿಯಿದೆ. ಪ್ರಾಣಕ್ಕೆ ಅಪಾಯವಿದ್ದರೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಈ ಮಿತಿಗಳನ್ನು ಮೊದಲ ಭೇಟಿಯಲ್ಲೇ ತಿಳಿಸಿ ಹೇಳುವುದನ್ನೂ ತರಬೇತಿ ಕಲಿಸುತ್ತದೆ.

ನೇಮಕಕ್ಕೆ ಮುಂಚೆ

ಕೆಲವೇ ವಾರಗಳ ಸರ್ಟಿಫಿಕೇಟ್ ಕೋರ್ಸು ಮುಗಿಸಿ ‘ಕೌನ್ಸೆಲರ್’ ಎಂದು ಫಲಕ ಹಾಕಿಕೊಳ್ಳುವವರೂ ಇದ್ದಾರೆ. ಇಂತಹ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗೆ ಕ್ರಮ ತರಲೆಂದೇ 2021ರಲ್ಲಿ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿತು. ಅಲ್ಪಾವಧಿ ಕೋರ್ಸುಗಳು ಒಳ್ಳೆಯ ಕೇಳುಗರನ್ನು ರೂಪಿಸಬಲ್ಲವು. ಕುಟುಂಬ ಆಯೋಗದ ಕಾರ್ಯಕರ್ತರಿಗೆ ಅವು ಸಹಾಯಕ. ಆದರೆ ಅವು ಸ್ನಾತಕೋತ್ತರ ತರಬೇತಿಗೆ ಬದಲಿಯಲ್ಲ. ಕೋರ್ಸು ಸೇರುವವರೂ ನೇಮಕ ಮಾಡುವವರೂ ಮೂರು ಪ್ರಶ್ನೆ ಕೇಳಲಿ: ಪದವಿ ನೀಡುವ ವಿಶ್ವವಿದ್ಯಾಲಯ ಮಾನ್ಯತೆ ಪಡೆದಿದೆಯೇ? ಮೇಲ್ವಿಚಾರಣೆಯಲ್ಲಿ ನಡೆಯುವ ಅಭ್ಯಾಸ ಎಷ್ಟು ಗಂಟೆ? ಮಾರ್ಗದರ್ಶಕರ ಅರ್ಹತೆ ಏನು?

ತುರ್ತು ನೆರವು ಬೇಕಾದವರು 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಈ ಸಂಖ್ಯೆಯನ್ನು ಪ್ರತಿ ಧರ್ಮಕೇಂದ್ರದ ಸೂಚನಾಫಲಕದಲ್ಲಿ ಬರೆದಿಡಬೇಕೆಂದು ವಿನಂತಿಸುತ್ತೇವೆ.